ನಡೆದಾಡುವವರಿಗಾಗಿ ಕಟ್ಟಿದ ಪೇಟೆ: ರಾಟರ್‌ಡ್ಯಾಮಿನ ಲೈನ್‌ಬಾನ್

ಪೇಟೆಗೆ ಹೋಗಿಬರುವುದೆಂದರೆ ಏನೆಂದು ನಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕಾದುದಿಲ್ಲ. ತಾಯಿಯು ಒಂದು ಕೈಯಲ್ಲಿ ಚೀಲವನ್ನೂ ಮತ್ತೊಂದು ಕೈಯಲ್ಲಿ ಮಗುವಿನ ಮುಂಗೈಯನ್ನೂ ಬಿಗಿಯಾಗಿ ಹಿಡಿದುಕೊಂಡು, ಲಾರಿ, ರಿಕ್ಷಾ, ಸೈಕಲ್ಲು, ಕೈಗಾಡಿಗಳ ನಡುವೆ ದಾರಿ ಮಾಡಿಕೊಂಡು ನಡೆಯುವ ನೋಟವು ನಾವೆಲ್ಲರೂ ದಿನವೂ ಕಾಣತಕ್ಕದ್ದೇ. ಅಂಗಡಿಯ ಸಾಮಾನಿನ ಕಡೆಗೆ ಕಣ್ಣಿದ್ದರೆ, ಹಿಂದಿನಿಂದ ಬರುವ ಗಾಡಿಯ ಕಡೆಗೆ ಕಿವಿ ಇರಬೇಕಾಗುತ್ತದೆ. ಮಗುವು ಗಾಜಿನ ಹಿಂದಿನ ಬೊಂಬೆಯನ್ನು ಕಂಡು ನಿಂತಿತೆಂದರೆ ತಾಯಿಯು ಅದನ್ನು ಎಳೆದುಕೊಂಡೇ ಮುಂದೆ ಸಾಗುವಳು. ಹೀಗಲ್ಲದೆ ಬೇರೆ ರೀತಿಯಲ್ಲಿ ಪೇಟೆಯೊಂದನ್ನು ಕಟ್ಟಲು ಸಾಧ್ಯವೆ? ಈ ಪ್ರಶ್ನೆಗೆ ಯುರೋಪಿನ ಒಂದು ನಗರವು 1953ರಲ್ಲಿ ಕಟ್ಟಿಯೇ ತೋರಿಸಿದ ಉತ್ತರವನ್ನು ಈ ಪಾಠದಲ್ಲಿ ವಿವರಿಸಲು ಯತ್ನಿಸುತ್ತೇವೆ.

ನೆದರ್ಲೆಂಡ್ಸ್ ದೇಶದ ರಾಟರ್‌ಡ್ಯಾಮ್ ನಗರದಲ್ಲಿ ಲೈನ್‌ಬಾನ್ ಎಂಬ ಆ ಬೀದಿಯಿದೆ. ಒಂದೇ ದಿನದಲ್ಲಿ ಬೆಳಗ್ಗೆ, ಮಧ್ಯಾಹ್ನ ಮತ್ತು ರಾತ್ರಿ ಅಲ್ಲಿ ನಡೆದು ನೋಡುವ ಅವಕಾಶವು ನಮಗೆ ದೊರೆತಿತ್ತು. ಮೂರು ಹೊತ್ತಿನಲ್ಲಿಯೂ ನಾವು ಕಂಡದ್ದು ಬೇರೆಬೇರೆಯಾದುದರಿಂದ, ಆ ಮೂರನ್ನೂ ಹೇಳಿದರಲ್ಲದೆ ಪಾಠವು ಪೂರ್ತಿಯಾಗದು. ಅದಕ್ಕೆ ಮೊದಲು ಆ ಬೀದಿಯು ಹುಟ್ಟಿದ ಸಂದರ್ಭವನ್ನು ತಿಳಿದುಕೊಳ್ಳುವುದು ಅವಶ್ಯಕ.

ಬೆಂಕಿಯಲ್ಲಿ ಹೋದ ಊರು

ರಾಟರ್‌ಡ್ಯಾಮು ಮಾಸ್ ನದಿಯ ದಂಡೆಯ ಮೇಲಿನ ದೊಡ್ಡ ಬಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ನೆಯ ಇಸವಿ ಮೇ 14ರ ಮಧ್ಯಾಹ್ನ, ಜರ್ಮನಿಯ ವಿಮಾನಗಳು ಈ ನಗರದ ನಡುಭಾಗದ ಮೇಲೆ ಬಾಂಬುಗಳನ್ನು ಸುರಿಸಿದವು. ದಾಳಿ ನಡೆದದ್ದು ಕಾಲು ಗಂಟೆಯಷ್ಟು ಹೊತ್ತು. ಆದರೆ ಅದು ಹೊತ್ತಿಸಿದ ಬೆಂಕಿಯು ಬಹಳ ಕಾಲ ಉರಿಯಿತು. ನೂರಾರು ಮಂದಿ ಪ್ರಾಣ ಕಳೆದುಕೊಂಡರು. ಸುಮಾರು 80,000 ಜನರು ಮನೆಯಿಲ್ಲದವರಾದರು. ಇಪ್ಪತ್ತನಾಲ್ಕು ಸಾವಿರಕ್ಕೂ ಮಿಕ್ಕ ಮನೆಗಳು, ಎರಡು ಸಾವಿರಕ್ಕೂ ಮಿಕ್ಕ ಅಂಗಡಿಗಳು, ಹತ್ತಾರು ಶಾಲೆಗಳು ಮತ್ತು ಇಗರ್ಜಿಗಳು ಬೂದಿಯಾದವು. ಮರುದಿನವೇ ಡಚ್ ಸೈನ್ಯವು ಶರಣಾಗತಿಯ ಪತ್ರಕ್ಕೆ ಸಹಿ ಹಾಕಿತು.

ಬೆಂಕಿಯು ಎಲ್ಲಿಯವರೆಗೆ ಹಬ್ಬಿ ನಿಂತಿತೋ ಆ ಗಡಿಯನ್ನು ಇಂದು ಪಾದಚಾರಿಗಳ ಹಾದಿಯಲ್ಲಿ ಹುದುಗಿಸಿದ ಸಣ್ಣ ದೀಪಗಳಿಂದ ಗುರುತು ಮಾಡಿದ್ದಾರೆ. ಅದರ ಒಂದು ಪಕ್ಕದ ಮನೆಗಳು ಹಳೆಯವು, ಇನ್ನೊಂದು ಪಕ್ಕದವು ಯುದ್ಧದ ತರುವಾಯದವು. ಲೈನ್‌ಬಾನ್ ಇರುವುದು ಆ ಗಡಿಯ ಒಳಗೆ. ಆದಕಾರಣ ಅಲ್ಲಿ ನಡೆಯುವವನು ತಾನು ಸುಟ್ಟ ನೆಲದ ಮೇಲೆ ನಡೆಯುತ್ತಿದ್ದೇನೆಂಬುದನ್ನು ಮರೆಯಲಾಗದು.

ಬೆಂಕಿ ಆರಿದ ಮೇಲೆ ನಗರಸಭೆಯು ಸುಟ್ಟ ಪ್ರದೇಶದ ಭೂಮಿಯನ್ನೆಲ್ಲ ತನ್ನ ವಶಕ್ಕೆ ತೆಗೆದುಕೊಂಡು, ಕುಸಿದ ಇಟ್ಟಿಗೆ ಕಲ್ಲುಗಳನ್ನು ಸಾಗಿಸಿ, ಅವುಗಳಿಂದ ಕೆಲವು ಹಳೆಯ ಕಾಲುವೆಗಳನ್ನೇ ತುಂಬಿಸಿತು. ಅಂಗಡಿಕಾರರಿಗೆ ಊರಿನ ಬೇರೆ ಕಡೆಗಳಲ್ಲಿ ತಾತ್ಕಾಲಿಕವಾದ ಮಳಿಗೆಗಳನ್ನು ಕಟ್ಟಿಕೊಟ್ಟರು. ವಿಟೆವೀನ್ ಎಂಬ ನಗರಶಿಲ್ಪಿಯು 1941ರಲ್ಲಿ ಸಿದ್ಧಪಡಿಸಿದ ಮೊದಲ ಯೋಜನೆಯು ಬಹುಮಟ್ಟಿಗೆ ಹಳೆಯ ಸಂಪ್ರದಾಯದ ನಗರವನ್ನೇ ಮತ್ತೆ ಎಬ್ಬಿಸತಕ್ಕದ್ದಾಗಿತ್ತು. ಆದರೆ ಇದ್ದಂತೆಯೇ ಕಟ್ಟಬೇಕೆ, ಇಲ್ಲವೆ ಬರುವ ಕಾಲಕ್ಕೆ ತಕ್ಕಂತೆ ಕಟ್ಟಬೇಕೆ ಎಂಬ ವಿಚಾರವು ಯುದ್ಧದ ವರ್ಷಗಳಲ್ಲಿಯೇ ಬಲವಾಗಿ ನಡೆಯಿತು. ಕೊನೆಗೆ 1946ರಲ್ಲಿ ವಾನ್ ತ್ರಾ ಎಂಬವರ ಮೂಲಯೋಜನೆಗೆ ಒಪ್ಪಿಗೆ ದೊರೆಯಿತು. ಹಳೆಯ ಬೀದಿಗಳ ಹಾಸುಹೊಕ್ಕನ್ನು ಅದು ಬಿಟ್ಟುಕೊಟ್ಟಿತು.

ಇದು ಸಣ್ಣ ನಿರ್ಧಾರವಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮನೆಯನ್ನು ಕಳೆದುಕೊಂಡವನು ಕಡೆಯ ಪಕ್ಷ ತನ್ನ ಮನೆಯಿದ್ದ ಓಣಿಯ ತಿರುವನ್ನಾದರೂ ಮತ್ತೆ ಕಾಣಬಯಸುವನು. ಅದೂ ದೊರೆಯದೆಂದು ಹೇಳಿದ ಮೇಲೆ, ಅದರ ಸ್ಥಾನದಲ್ಲಿ ಕೊಡುವುದು ಅವನಿಗೆ ನಿಜವಾಗಿಯೂ ಒಳ್ಳೆಯದಾಗಿರಬೇಕಾದ ಹೊಣೆಯು ಕಟ್ಟುವವರ ಮೇಲೆ ಬೀಳುತ್ತದೆ. ಲೈನ್‌ಬಾನನ್ನು ಈ ಹೊಣೆಯ ಬೆಳಕಿನಲ್ಲಿಯೇ ಪರೀಕ್ಷಿಸಬೇಕೆಂದು ನಮ್ಮ ಅಭಿಪ್ರಾಯ.

ಹಗ್ಗ ಹೊಸೆಯುವ ಹಾದಿ

ಡಚ್ ಭಾಷೆಯಲ್ಲಿ ‘ಲೈನ್‌ಬಾನ್’ ಎಂದರೆ ಹಗ್ಗ ಹೊಸೆಯುವ ಹಾದಿ. ಹಾಯಿಹಡಗುಗಳ ಕಾಲದಲ್ಲಿ ಬಂದರಿನ ಊರುಗಳಿಗೆ ಬಹಳ ಉದ್ದನೆಯ ಹಗ್ಗಗಳು ಬೇಕಾಗುತ್ತಿದ್ದವು. ನಾರಿನ ಎಳೆಗಳನ್ನು ನೇರವಾಗಿ ಚಾಚಿ ಹುರಿಗೊಳಿಸಲು ಅಷ್ಟೇ ಉದ್ದವಾದ ಜಾಗ ಅವಶ್ಯಕ. ಹೊಸೆಯುವವರು ಆ ಉದ್ದಕ್ಕೂ ಹಿಂದೆ ಮುಂದೆ ನಡೆಯುತ್ತಿದ್ದರು. ಬೆಂಗಳೂರಿನ ಬಳೇಪೇಟೆ, ಅಕ್ಕಿಪೇಟೆಗಳಂತೆ ಇಲ್ಲಿಯೂ ಹಳೆಯ ಕಸುಬಿನ ಹೆಸರು ಬೀದಿಗೆ ಉಳಿದುಬಂದಿದೆ.

ಈ ಬೀದಿಯನ್ನು ರೂಪಿಸಿದವರು ಯೋ ವಾನ್ ಡೆನ್ ಬ್ರೂಕ್ (1898–1978) ಮತ್ತು ಯಾಕೋಬ್ ಬಾಕೆಮಾ (1914–1981) ಎಂಬ ಇಬ್ಬರು ವಾಸ್ತುಶಿಲ್ಪಿಗಳು. ಬಾಕೆಮಾ ಅವರು 1964ರಲ್ಲಿ ಪ್ರಕಟಿಸಿದ ಒಂದು ಗ್ರಂಥದ ಹೆಸರು ‘ಕುರ್ಚಿಯಿಂದ ನಗರದವರೆಗೆ’ ಎಂಬರ್ಥದ್ದು. ಮನುಷ್ಯನು ಕುಳಿತುಕೊಳ್ಳುವ ಕುರ್ಚಿಯನ್ನೂ ಅವನು ವಾಸಿಸುವ ನಗರವನ್ನೂ ಒಂದೇ ಸಾಲಿನಲ್ಲಿಟ್ಟು ಯೋಚಿಸುವ ಮನೋಧರ್ಮ ಅವರದೆಂಬುದು ಆ ಹೆಸರಿನಿಂದಲೇ ತಿಳಿಯುತ್ತದೆ. ಬೀದಿಯ ಮೊದಲ ಭಾಗವು, ಸುಮಾರು 65 ಅಂಗಡಿಗಳೊಡನೆ, 1953ನೆಯ ಅಕ್ಟೋಬರ್ 9ರಂದು ತೆರೆಯಲ್ಪಟ್ಟಿತು. 1966ರಲ್ಲಿ ಅದನ್ನು ಮುಂದಕ್ಕೆ ಬೆಳೆಯಿಸಿದರು. ಗಾಡಿಗಳಿಗೆ ಎಡೆಯಿಲ್ಲದೆ ಕಾಲ್ನಡಿಗೆಯವರಿಗಾಗಿಯೇ ಮೊದಲಿನಿಂದ ಯೋಜಿಸಿ ಕಟ್ಟಿದ ಯುರೋಪಿನ ಅಂಗಡಿಬೀದಿಗಳಲ್ಲಿ ಇದು ಅತ್ಯಂತ ಮೊದಲಿನವುಗಳಲ್ಲಿ ಒಂದು. ಜರ್ಮನಿಯ ಕಾಸೆಲ್ ನಗರದಲ್ಲಿ ಅದೇ ಜಾತಿಯ ಮೆಟ್ಟಿಲುಬೀದಿಯು ತೆರೆದದ್ದು ಒಂದು ತಿಂಗಳ ತರುವಾಯ.

ಬೆಳಗಿನ ನಡಿಗೆ

ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆಯುವಷ್ಟರಲ್ಲಿ ಬೀದಿಯು ಸಿಕ್ಕಿತು. ದೊಡ್ಡ ಹೆಬ್ಬಾಗಿಲನ್ನೋ ಎತ್ತರದ ಗೋಪುರವನ್ನೋ ನಿರೀಕ್ಷಿಸಿದವನಿಗೆ ಇಲ್ಲಿ ಮೊದಲು ನಿರಾಶೆಯಾಗಬಹುದು. ಎರಡು ಪಕ್ಕದಲ್ಲಿಯೂ ಇರುವುವು ತಗ್ಗಾದ, ಎರಡಂತಸ್ತಿನ, ಚಪ್ಪಟೆ ಚಾವಣಿಯ, ಏನೂ ಆಡಂಬರವಿಲ್ಲದ ಕಟ್ಟಡಗಳು. ಮೊದಲೇ ಎರಕಹೊಯ್ದು ತಂದು ಜೋಡಿಸಿದ ಕಾಂಕ್ರೀಟಿನ ಪಟ್ಟಿಗಳೂ ಅಗಲವಾದ ಗಾಜುಗಳೂ ಅವುಗಳ ಮೈ. ನಾವು ಸ್ವಲ್ಪ ಹೊತ್ತು ನಿಂತು, ಇದರಲ್ಲೇನು ವಿಶೇಷವೆಂದು ಯೋಚಿಸಿದೆವು. ವಿಶೇಷವು ಕಟ್ಟಡಗಳಲ್ಲಿರದೆ ಅವುಗಳ ನಡುವಣ ಬಯಲಿನಲ್ಲಿರುವುದು ನಡೆಯತೊಡಗಿದ ಮೇಲೆ ತಿಳಿಯಿತು.

ಬೀದಿಯ ಅಗಲವು ಕೆಲವೆಡೆ 18 ಮೀಟರು, ಅಂದರೆ ಸುಮಾರು 60 ಅಡಿ. ಕೆಲವೆಡೆ 12 ಮೀಟರು, ಅಂದರೆ ಸುಮಾರು 40 ಅಡಿ. ಈ ಅಳತೆಯಲ್ಲಿ ಒಂದು ಪಕ್ಕದ ಅಂಗಡಿಯ ಮುಂದೆ ನಿಂತವನಿಗೆ ಎದುರು ಪಕ್ಕದ ಅಂಗಡಿಯೂ ಕಾಣುತ್ತದೆ. ಎದುರಿನಲ್ಲಿ ಹೋಗುವ ಪರಿಚಿತನ ಮುಖವನ್ನು ಗುರುತಿಸಿ ಕೂಗಿ ಕರೆಯಬಹುದು. ಕಟ್ಟಡಗಳು ತಗ್ಗಾದುದರಿಂದ ಆಕಾಶವು ಧಾರಾಳವಾಗಿ ಕಾಣುತ್ತದೆ. ಹೀಗೆ ಅಗಲ ಎತ್ತರಗಳೆರಡನ್ನೂ ನಡೆಯುವ ಮನುಷ್ಯನ ಕಣ್ಣಿಗೆ ಹೊಂದಿಸಿದ್ದಾರೆ. ಗಾಡಿಯ ವೇಗಕ್ಕೆ ಕಟ್ಟಿದ ಬೀದಿಯಲ್ಲಿ ಫಲಕಗಳು ದೊಡ್ಡವಾಗಬೇಕು. ನಡಿಗೆಯ ವೇಗಕ್ಕೆ ಕಟ್ಟಿದ ಬೀದಿಯಲ್ಲಿ ಗಾಜಿನ ಹಿಂದಿನ ಒಂದು ಗುಂಡಿಯೂ ಕಣ್ಣಿಗೆ ಬೀಳುತ್ತದೆ.

ನಾವು ನೋಡುತ್ತಿದ್ದಂತೆಯೇ ಮಳೆ ಬಂದಿತು. ಆ ದೇಶದಲ್ಲಿ ಅದು ಆಶ್ಚರ್ಯದ ಸಂಗತಿಯಲ್ಲ. ಆದರೆ ಯಾರೂ ಓಡಲಿಲ್ಲ. ಅಂಗಡಿಗಳ ಮುಂಭಾಗದಲ್ಲಿ ಉದ್ದಕ್ಕೂ ಒಂದೇ ಸಮನಾದ ಮುಂಚಾವಣಿಯಿದೆ. ಕೆಲವು ಸ್ಥಳಗಳಲ್ಲಿ ಅದು ಬೀದಿಯನ್ನು ಅಡ್ಡಲಾಗಿ ದಾಟಿ ಎದುರು ಪಕ್ಕವನ್ನು ಕೂಡುತ್ತದೆ. ನಡೆಯುವವರು ಬಯಲಿನಿಂದ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ತಮ್ಮ ಮಾತನ್ನು ನಿಲ್ಲಿಸದೆ ಮುಂದೆ ನಡೆದರು. ನಮ್ಮ ಹಳೆಯ ಮನೆಗಳ ಜಗಲಿಯ ಮಾಡನ್ನು ಕಂಡವರಿಗೆ ಈ ಉಪಾಯವು ಹೊಸದಲ್ಲ. ಬೀದಿಗೇ ಒಂದು ಜಗಲಿಯನ್ನು ಮಾಡಿಕೊಟ್ಟದ್ದು ಮಾತ್ರ ಹೊಸದು.

ಅಡ್ಡಬೀದಿಯೊಂದರಲ್ಲಿ ತಿರುಗಿದಾಗ ಎದುರಿಗೆ ನಗರಸಭೆಯ ಹಳೆಯ ಕಲ್ಲಿನ ಭವನವು ಕಾಣಿಸಿತು. 1920ರಲ್ಲಿ ಮುಗಿದ ಆ ಭವನವು ಬಾಂಬಿನ ದಾಳಿಯಲ್ಲಿ ಉಳಿದುಕೊಂಡ ಕೆಲವೇ ಕಟ್ಟಡಗಳಲ್ಲಿ ಒಂದು. ಹೊಸ ಬೀದಿಯ ಈ ಕವಲನ್ನು ಅದಕ್ಕೆ ಎದುರಾಗಿ ಬರುವಂತೆ ಎಳೆದಿದ್ದಾರೆ. ಹಳೆಯ ಓಣಿಗಳನ್ನು ಬಿಟ್ಟುಕೊಟ್ಟವರು ಉಳಿದ ಹಳೆಯದಕ್ಕೆ ಬೆನ್ನು ತಿರುಗಿಸಲಿಲ್ಲವೆಂಬುದನ್ನು ಕಂಡು ನಮಗೆ ಸಮಾಧಾನವಾಯಿತು.

ಬೀದಿಯಲ್ಲಿ ಆಟವಾಡುವ ಕರಡಿಮರಿಗಳ ಒಂದು ಶಿಲ್ಪವಿದೆ. ನಾರ್ವೆಯ ಶಿಲ್ಪಿ ಆನ್ನೆ ಗ್ರಿಮ್‌ಡಾಲೆನ್ ಅವರು ಮಾಡಿದ್ದು, 1956ರದು. ಮಕ್ಕಳು ಕೈಯಾಡಿಸಿ, ಹತ್ತಿ ಇಳಿದು, ಅದರ ಬೆನ್ನು ನುಣುಪಾಗಿದೆ. ನಾವು ನಿಂತಿದ್ದಾಗ ನಾಲ್ಕೈದು ವರ್ಷದ ಮಗುವೊಂದು ತಾಯಿಯ ಕೈ ಬಿಡಿಸಿಕೊಂಡು ಅದರತ್ತ ಓಡಿತು. ನಮ್ಮ ಎದೆಯು ಒಮ್ಮೆ ಝಲ್ಲೆಂದಿತು. ಕೈಯು ತಾನಾಗಿ ಮುಂದಕ್ಕೆ ಚಾಚಿತು. ತಾಯಿಯಾದರೋ ಹಿಂದಿರುಗಿಯೂ ನೋಡದೆ ಒಂದು ಜೊತೆ ಪಾದರಕ್ಷೆಯ ಬೆಲೆಯನ್ನು ಓದುತ್ತಿದ್ದಳು. ಹೆದರಲು ಅಲ್ಲಿ ಕಾರಣವಿರಲಿಲ್ಲ. ನಮ್ಮ ಚಾಚಿದ ಕೈಯನ್ನು ನಾವು ನಾಚಿಕೆಯಿಂದ ಹಿಂದಕ್ಕೆ ತೆಗೆದುಕೊಂಡೆವು. ಆ ಬೀದಿಯ ವಿಷಯವಾಗಿ ಅನೇಕ ವರ್ಣನೆಗಳನ್ನು ಓದಿ ತಿಳಿಯದಿದ್ದುದು ಈ ಒಂದು ಕ್ಷಣದಲ್ಲಿ ತಿಳಿಯಿತು.

ಮಧ್ಯಾಹ್ನ: ಬೀದಿಯ ಬೆನ್ನು

ಇಷ್ಟು ಅಂಗಡಿಗಳಿಗೆ ದಿನವೂ ಸಾಮಾನು ಬರುವುದು ಹೇಗೆ? ಕಸವು ಹೋಗುವುದು ಹೇಗೆ? ಈ ಪ್ರಶ್ನೆಯನ್ನು ಕೇಳಿಕೊಂಡು ಮಧ್ಯಾಹ್ನ ನಾವು ಅಂಗಡಿಗಳ ಹಿಂಭಾಗಕ್ಕೆ ಸುತ್ತಿ ಹೋದೆವು. ಅಲ್ಲಿ ಬೇರೊಂದು ರಸ್ತೆಯಿದೆ. ಲಾರಿಗಳು ಅಲ್ಲಿಗೆ ಬಂದು ನಿಲ್ಲುತ್ತವೆ; ಪೆಟ್ಟಿಗೆಗಳು ಹಿಂದಿನ ಬಾಗಿಲಿನಿಂದ ಒಳಗೆ ಹೋಗುತ್ತವೆ. ಮುಂದಿನ ಬೀದಿಯ ನೆಮ್ಮದಿಗೆ ಕಾರಣವು ಹಿಂದಿನ ಈ ಸಾಮಾನಿನ ರಸ್ತೆಯೇ.

ವಿದ್ಯಾರ್ಥಿಗಳು ವಿಶೇಷವಾಗಿ ನೆನಪಿಡತಕ್ಕ ಸಂಗತಿ ಇದು. ಗಾಡಿಗಳು ಬರಕೂಡದೆಂದು ಒಂದು ಫಲಕವನ್ನು ನೆಟ್ಟಮಾತ್ರಕ್ಕೆ ಪೇಟೆಯು ನಡೆಯುವವರದಾಗುವುದಿಲ್ಲ. ಅಕ್ಕಿಯ ಮೂಟೆಗೂ ಒಂದು ದಾರಿ ಬೇಕು. ಆ ದಾರಿಯನ್ನು ಮೊದಲು ಯೋಚಿಸದೆ ಹೋದರೆ, ಫಲಕವು ಉಳಿದು ನಿಯಮವು ಅಳಿಯುತ್ತದೆ. ಲೈನ್‌ಬಾನನ್ನು ಕಟ್ಟಿದವರು ಕಾಲಿನ ದಾರಿಯನ್ನೂ ಗಾಲಿಯ ದಾರಿಯನ್ನೂ ಒಟ್ಟಿಗೆ ಎಳೆದು, ಅವು ಒಂದೆರಡು ಅಡ್ಡರಸ್ತೆಗಳಲ್ಲದೆ ಬೇರೆಲ್ಲಿಯೂ ಸೇರದಂತೆ ನೋಡಿಕೊಂಡರು.

ಹಿಂಭಾಗದಲ್ಲಿಯೇ ಎತ್ತರವಾದ ವಸತಿಯ ಕಟ್ಟಡಗಳು ನಿಂತಿವೆ. ಅವುಗಳ ನಡುವೆ ನಿವಾಸಿಗಳೆಲ್ಲರಿಗೂ ಸೇರಿದ ಹಸಿರು ಅಂಗಳಗಳಿವೆ. ಹಳೆಯ ನಗರದಲ್ಲಿ ಕೆಳಗೆ ಅಂಗಡಿ, ಅದರ ಮೇಲೆಯೇ ಮನೆ ಎಂಬ ಪದ್ಧತಿಯಿತ್ತು. ಇಲ್ಲಿ ಅದನ್ನು ಬಿಡಿಸಿ, ವ್ಯಾಪಾರವನ್ನು ತಗ್ಗಾದ ಸಾಲಿನಲ್ಲಿಯೂ ವಾಸವನ್ನು ಅದರ ಹಿಂದಿನ ಎತ್ತರದ ಸಾಲುಗಳಲ್ಲಿಯೂ ಇಟ್ಟರು. ಗಾಳಿ, ಬೆಳಕು, ಹಸಿರು ಎಲ್ಲರಿಗೂ ದೊರೆಯಬೇಕೆಂಬುದೂ, ದುಡಿಮೆಯ ಜಾಗ ಬೇರೆ ವಾಸದ ಜಾಗ ಬೇರೆಯಾಗಿರಬೇಕೆಂಬುದೂ ಆ ಕಾಲದ ನವ್ಯ ವಾಸ್ತುಶಿಲ್ಪಿಗಳ ಸಿದ್ಧಾಂತವಾಗಿತ್ತು. ಸಿದ್ಧಾಂತದ ಮೊದಲರ್ಧವು ಸಫಲವಾದುದನ್ನು ನಾವು ಹಗಲಿನಲ್ಲಿ ಕಂಡೆವು. ಎರಡನೆಯ ಅರ್ಧದ ಫಲವನ್ನು ಕಾಣಲು ರಾತ್ರಿಯವರೆಗೆ ಕಾಯಬೇಕಾಯಿತು.

ರಾತ್ರಿಯ ನಡಿಗೆ

ಅಂಗಡಿಗಳು ಬಾಗಿಲು ಮುಚ್ಚಿದ ಮೇಲೆ ಮೂರನೆಯ ಬಾರಿ ನಾವು ಅಲ್ಲಿಗೆ ಹೋದೆವು. ಬೆಳಗ್ಗೆ ಮಳೆಯಲ್ಲಿಯೂ ನಿರಾತಂಕವಾಗಿ ನಡೆದಿದ್ದ ಬೀದಿಯಲ್ಲಿ ಈಗ ನಮ್ಮ ಹೆಜ್ಜೆಯ ಸದ್ದು ನಮಗೇ ಕೇಳಿಸಿತು. ದೀಪಗಳು ಉರಿಯುತ್ತಿದ್ದವು, ಗಾಜಿನ ಹಿಂದೆ ಉಡುಪು ತೊಟ್ಟ ಬೊಂಬೆಗಳು ನಿಂತಿದ್ದವು. ಮನುಷ್ಯರು ಮಾತ್ರ ವಿರಳ. ತಲೆಯೆತ್ತಿ ನೋಡಿದರೆ ಅಂಗಡಿಯ ಮೇಲಣ ಅಂತಸ್ತಿನ ಕಿಟಕಿಗಳೆಲ್ಲ ಕತ್ತಲೆ. ಮನೆಗಳ ದೀಪವು ದೂರದಲ್ಲಿ, ಹಿಂದಿನ ಎತ್ತರದ ಸಾಲಿನಲ್ಲಿ ಕಾಣುತ್ತಿತ್ತು. ಅಲ್ಲಿಂದ ಈ ಬೀದಿಗೆ ಒಂದು ಮಾತೂ ಇಳಿದುಬರುವಂತಿರಲಿಲ್ಲ.

ನಮ್ಮ ಕಡೆಯ ಹಳೆಯ ಪೇಟೆಗಳಲ್ಲಿ ಅಂಗಡಿಯ ಮೇಲೋ ಹಿಂದೋ ಒಡೆಯನ ಮನೆಯಿರುತ್ತದೆ. ಬಾಗಿಲು ಮುಚ್ಚಿದ ಮೇಲೂ ಜಗಲಿಯಲ್ಲಿ ಒಬ್ಬ ಅಜ್ಜನು ಕುಳಿತಿರುತ್ತಾನೆ, ಮೇಲಿನ ಕಿಟಕಿಯಿಂದ ಯಾರೋ ಯಾರನ್ನೋ ಊಟಕ್ಕೆ ಕರೆಯುತ್ತಾರೆ, ಒಂದು ಮಗು ಪಾಠವನ್ನು ಗಟ್ಟಿಯಾಗಿ ಓದುತ್ತದೆ. ಇಂಥ ಪೇಟೆಯಲ್ಲಿ ಹಗಲಿನ ಗದ್ದಲವು ಅಸಹ್ಯವಾದರೂ ರಾತ್ರಿಯ ದಾರಿಯು ನಿರ್ಜನವಾಗಿರುವುದಿಲ್ಲ. ಲೈನ್‌ಬಾನ್ ಹಗಲಿನ ಭಯವನ್ನು ಕಳೆಯಿತು. ಆದರೆ ಮನೆಯನ್ನು ಅಂಗಡಿಯಿಂದ ಬೇರ್ಪಡಿಸಿದುದರಿಂದ ರಾತ್ರಿಯ ಸಂಗವನ್ನು ಕಳೆದುಕೊಂಡಿತು. ಆ ಬೀದಿಯನ್ನು ಮೆಚ್ಚಿದವರಲ್ಲಿಯೂ ಅನೇಕರು ಈ ಕೊರತೆಯನ್ನು ಎತ್ತಿ ಹೇಳಿದ್ದಾರೆ. ನಾವು ನಡೆದು ನೋಡಿ ಅದನ್ನು ಒಪ್ಪಿಕೊಳ್ಳುತ್ತೇವೆ.

ಮುಂದಿನ ಕಥೆ

ಕಟ್ಟಿದ ಹೊಸದರಲ್ಲಿ ಈ ಬೀದಿಯ ಕೀರ್ತಿಯು ದೂರದವರೆಗೆ ಹಬ್ಬಿತ್ತು. ಅಮೆರಿಕದ ನಗರಚಿಂತಕ ಲೂಯಿಸ್ ಮಮ್‌ಫರ್ಡ್ ಅವರು ಇದನ್ನು ಬಹುವಾಗಿ ಹೊಗಳಿದರು. ಅನೇಕ ದೇಶಗಳ ನಗರಸಭೆಯವರೂ ಶಿಲ್ಪಿಗಳೂ ಬಂದು ನೋಡಿಹೋದರು. ಇಂಗ್ಲೆಂಡಿನ ಸ್ಟೀವನೇಜ್ ಎಂಬ ಹೊಸ ಊರಿನ ನಡುಪೇಟೆಯನ್ನು 1959ರಲ್ಲಿ ತೆರೆದಾಗ ಅದರಲ್ಲಿಯೂ ಈ ಬೀದಿಯ ಛಾಯೆ ಕಂಡಿತು.

ಕಾಲ ಕಳೆದಂತೆ ಬೀದಿಯ ಹೊಳಪು ಕುಂದಿತು. ಒಡೆಯನೇ ನಿಂತು ಮಾರುತ್ತಿದ್ದ ಅಂಗಡಿಗಳು ಹೋಗಿ, ಎಲ್ಲ ಊರುಗಳಲ್ಲಿಯೂ ಒಂದೇ ರೀತಿಯಾಗಿರುವ ದೊಡ್ಡ ಕಂಪನಿಗಳ ಶಾಖೆಗಳು ಬಂದವು. ಒಬ್ಬೊಬ್ಬರೂ ತಮ್ಮ ಮುಖಭಾಗವನ್ನು ತಮಗೆ ತೋರಿದಂತೆ ಬದಲಾಯಿಸಿದುದರಿಂದ ಮೊದಲಿನ ಒಂದೇ ಸಮನಾದ ಸಾಲು ಕೆಟ್ಟಿತು. 1996ರಲ್ಲಿ ಹತ್ತಿರದ ಹೆದ್ದಾರಿಯ ಅಡಿಯಲ್ಲಿ ತಗ್ಗಿಸಿ ಕಟ್ಟಿದ ಮತ್ತೊಂದು ಅಂಗಡಿಬೀದಿಯು ಲೈನ್‌ಬಾನನ್ನು ಪೂರ್ವಭಾಗದ ಪೇಟೆಯೊಡನೆ ಕೂಡಿಸಿತು. ಇಷ್ಟು ಬೆಲೆಬಾಳುವ ನೆಲದ ಮೇಲೆ ಎರಡೇ ಅಂತಸ್ತಿನ ಅಂಗಡಿಗಳೇಕೆ, ಕೆಡವಿ ಎತ್ತರವಾಗಿ ಕಟ್ಟಬಾರದೇಕೆ ಎಂಬ ಮಾತುಗಳೂ ಹುಟ್ಟಿದವು. ಕೊನೆಗೆ 2010ರಲ್ಲಿ ಸರಕಾರವು ಇದನ್ನು ಯುದ್ಧಾನಂತರದ ಪುನರ್ನಿರ್ಮಾಣದ ರಾಷ್ಟ್ರೀಯ ಸ್ಮಾರಕಗಳ ಪಟ್ಟಿಗೆ ಸೇರಿಸಿತು.

ಹಳೆಯ ಬೀದಿಗಳನ್ನು ಬಿಟ್ಟು ಹೊಸದಾಗಿ ಕಟ್ಟಿದ್ದೇ ಅರುವತ್ತು ವರ್ಷಗಳೊಳಗೆ ಕಾಪಾಡಬೇಕಾದ ಹಳೆಯದಾಯಿತು. ಇದರಲ್ಲಿ ವಿಪರೀತವೇನೂ ಇಲ್ಲವೆಂದು ನಮಗೆ ತೋರುತ್ತದೆ. ಬೆಂಕಿಯ ತರುವಾಯ ಹುಟ್ಟಿದವರು ಬಾಲ್ಯದಲ್ಲಿ ಕರಡಿಮರಿಗಳ ಬೆನ್ನೇರಿದ್ದು ಇಲ್ಲಿಯೇ. ಅವರ ಓಣಿಯ ತಿರುವು ಎಂದರೆ ಇದೇ. ಹೊಸದನ್ನು ಕಟ್ಟುವವರಿಗೆ ಹಿಂದೆ ಹೇಳಿದ ಹೊಣೆಯು ಹಗಲಿನ ಮಟ್ಟಿಗೆ ಸಂದಿತೆಂದೂ, ರಾತ್ರಿಯ ಮಟ್ಟಿಗೆ ಬಾಕಿ ಉಳಿದಿದೆಯೆಂದೂ ನಮ್ಮ ತೀರ್ಮಾನ.

ಅಭ್ಯಾಸ

ಈ ಪಾಠವನ್ನು ಓದಿದ ವಿದ್ಯಾರ್ಥಿಗಳು ದೂರದ ನಗರವನ್ನು ಮೆಚ್ಚಿಕೊಂಡು ಸುಮ್ಮನಾಗದೆ, ತಮ್ಮ ಊರಿನ ಪೇಟೆಯಲ್ಲಿ ಒಂದು ರಜಾ ದಿನ ಹೀಗೆ ಮಾಡಿ ನೋಡಲಿ. ಮೊದಲನೆಯದಾಗಿ, ಬೀದಿಯ ಅಗಲವನ್ನು ಹೆಜ್ಜೆಯಿಂದ ಅಳೆದು, ಅದರಲ್ಲಿ ನಡೆಯುವವರಿಗೆ ಎಷ್ಟು, ಗಾಡಿಗಳಿಗೆ ಎಷ್ಟು, ಅಂಗಡಿಯಿಂದ ಹೊರಕ್ಕೆ ಚಾಚಿದ ಸಾಮಾನಿಗೆ ಎಷ್ಟು ಎಂದು ಬರೆದಿಡಲಿ. ಎರಡನೆಯದಾಗಿ, ಮಳೆಗೂ ಬಿಸಿಲಿಗೂ ನಿಲ್ಲಲು ಎಡೆಯಿದೆಯೆ, ವಯಸ್ಸಾದವರು ಕುಳಿತುಕೊಳ್ಳಲು ಒಂದು ಕಟ್ಟೆಯಾದರೂ ಇದೆಯೆ ಎಂದು ನೋಡಲಿ. ಮೂರನೆಯದಾಗಿ, ಅಂಗಡಿಗಳಿಗೆ ಸಾಮಾನು ಯಾವ ಹೊತ್ತಿನಲ್ಲಿ, ಯಾವ ದಾರಿಯಿಂದ ಬರುತ್ತದೆಂದು ಅಂಗಡಿಯವರನ್ನೇ ಕೇಳಿ ತಿಳಿಯಲಿ. ನಾಲ್ಕನೆಯದಾಗಿ, ರಾತ್ರಿ ಹಿರಿಯರೊಡನೆ ಅದೇ ಬೀದಿಯಲ್ಲಿ ನಡೆದು, ಎಷ್ಟು ಕಿಟಕಿಗಳಲ್ಲಿ ದೀಪವಿದೆಯೆಂದು ಎಣಿಸಲಿ.

ಕೊನೆಯದಾಗಿ, ಬೀದಿಯ ಒಂದು ಮೂಲೆಯಲ್ಲಿ ಅರ್ಧ ಗಂಟೆ ನಿಂತು, ಎಷ್ಟು ತಾಯಂದಿರು ಮಗುವಿನ ಕೈಯನ್ನು ಬಿಗಿಯಾಗಿ ಹಿಡಿದಿದ್ದಾರೆ, ಎಷ್ಟು ಮಂದಿ ಬಿಟ್ಟಿದ್ದಾರೆ ಎಂಬುದನ್ನೂ ಲೆಕ್ಕ ಮಾಡಲಿ. ಈ ಲೆಕ್ಕಗಳನ್ನು ಒಂದು ಹಾಳೆಯಲ್ಲಿ ಬರೆದು ತಂದರೆ, ಅದನ್ನು ಮುಂದಿಟ್ಟುಕೊಂಡು ತರಗತಿಯಲ್ಲಿ ನಮ್ಮ ಊರಿನ ಪೇಟೆಯ ವಿಷಯವಾಗಿ ಮಾತನಾಡಬಹುದು.